ಎಲ್ಲರಿಗೂ ಕಲಿತುಕೊಟ್ಟ ಸುಜನ್

ಒಂದನೇ ತರಗತಿಗೆ ಅಕ್ಷರ ಕಲಿಸುವುದು ಹೇಗೆಂದು ಕಲಿಯಲು ಪುತ್ತಿಗೆಯ ಸುಜನ್ ಉಪ್ಪಳದ ಹತ್ತಿರದ ಒಂದು ಅಧ್ಯಾಪಕ ತರಬೇತಿ ಕೇಂದ್ರಕ್ಕೆ ಸೇರಿದ. ಅಲ್ಲಿ ಎಲ್ಲವೂ ಇತ್ತು, ಮಕ್ಕಳು ಮಾತ್ರ ಇರಲಿಲ್ಲ. ಮಕ್ಕಳಿದ್ದರೆ ಬೋಧನಾ ಕ್ರಮಕ್ಕೆ ತೊಂದರೆ ಎಂದು ಬಲ್ಲವರಿಗೆ ಅನಿಸಿರಬೇಕು. ಹಾಗಾಗಿ ಒಬ್ಬರು ಬೋರ್ಡಿನ ಮುಂದೆ ನಿಂತು ಪಾಠ ಮಾಡುವುದು, ಮೀಸೆ ಬಂದವರೂ ಸೇರಿ ಉಳಿದವರೆಲ್ಲ ಆರು ವರ್ಷದವರಾಗಿ ಬೆಂಚಿನಲ್ಲಿ ಕೂರುವುದು. ಪಾಠ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ತಪ್ಪು ಹೇಳಬೇಕು. ಹೇಳಿಸಿಕೊಂಡವರು ವಾದಿಸುವಂತಿಲ್ಲ, “ಧನ್ಯವಾದ” ಎನ್ನಬೇಕು. ಇದರ ಹೆಸರು ಪರಸ್ಪರ ಕಲಿಕೆ.

ಪ್ರತಿ ಪಾಠಕ್ಕೂ ತಲೆಗೆ ಹತ್ತದ ಒಂದು ಮಗು ಬೇಕು ಎಂಬುದು ತರಬೇತಿ ಕೊಡುವ ಶರತ್‌ಚಂದ್ರ ಮಾಸ್ಟ್ರ ನಿಯಮ. “ಬುದ್ಧಿವಂತ ಮಕ್ಕಳು ನೀವಿಲ್ಲದೆಯೂ ಕಲೀತವೆ. ಕಲಿಯದ್ದು ಒಂದು ಉಳಿದರೂ ನಿಮ್ಮ ಪಾಠ ಫೇಲ್” ಎನ್ನುತ್ತಿದ್ದರು. ಆ ಮಗುವಾಗಲು ಯಾರೂ ತಯಾರಿರಲಿಲ್ಲ. ವರ್ಕಾಡಿಯ ಮಹಾಗಣಪತಿಯಂತೂ ನೇರವಾಗಿ, “ನನ್ನ ಮುಖಕ್ಕೆ ಅದು ಹೊಂದುವುದಿಲ್ಲ ಸರ್” ಎಂದ. ಸುಜನನಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕುಳಿತ.

ಅವನು ಅದನ್ನು ಚೆನ್ನಾಗಿಯೇ ಮಾಡಿದ. ಪೆನ್ಸಿಲ್ ಕಚ್ಚಿಕೊಂಡು, ‘ಪ’ ತೋರಿಸಿದರೆ ‘ವ’ ಎನ್ನುವನು. ಟೀಚರಾದವರು ಹಾಡು ಹೇಳಿ, ಮರಳಿನಲ್ಲಿ ಬರೆಸಿ, ಬೆನ್ನು ತಟ್ಟಿದರೆ, ಗಂಟೆ ಹೊಡೆಯುವ ಸ್ವಲ್ಪ ಮೊದಲು ಕಣ್ಣರಳಿಸಿ “ಪ!” ಎಂದು ಕೂಗುವನು. ಉಪ್ಪಳದ ಅಫೀಫಾ ತನ್ನ ಪಾಠಕ್ಕೆ ತಂದ ಬಟ್ಟೆಗೊಂಬೆಗೂ ಕಲಿತ. ಮಹಾಗಣಪತಿ ಒಂದು ಹುಬ್ಬು ಏರಿಸಿ ನೋಡಿದ್ದಕ್ಕೂ ಕಲಿತ. ಎಲ್ಲರಿಗೂ ಒಳ್ಳೆಯ ಅಂಕ ಬಂತು. ತಾವು ಹುಟ್ಟು ಅಧ್ಯಾಪಕರೆಂದು ಎಲ್ಲರಿಗೂ ಗೊತ್ತಾಯಿತು. ಸುಜನನಿಗೆ ‘ಪೆದ್ದಣ್ಣ’ ಎಂಬ ಹೆಸರು ಬಂತು.

ಅವನಿಗೆ ಇದ್ದದ್ದು ಒಂದೇ ಆಸೆ. ಅವನು ಕಲಿತ ಪುತ್ತಿಗೆಯ ಶಾಲೆಯಲ್ಲಿ ಒಂದನೇ ತರಗತಿಗೆ ಜನ ಬೇಕಾಗಿತ್ತು. “ಜೂನಿಗೆ ಸರ್ಟಿಫಿಕೇಟು ಹಿಡ್ಕೊಂಡು ಬಾ. ದಿನಗೂಲಿಯಾದರೂ ಮಾಸ್ಟ್ರೇ ಅಲ್ವಾ” ಎಂದಿದ್ದರು ಹೆಡ್‌ಮಾಸ್ಟ್ರು. ತಾಯಿ ಅಮ್ಮಣಿ ಬೀಡಿ ಕಟ್ಟುತ್ತಲೇ ನೆರೆಕರೆಯವರಿಗೆಲ್ಲ ಹೇಳಿ ಹೇಳಿ ಮಗನನ್ನು ಮಾಸ್ಟ್ರು ಮಾಡಿ ಮುಗಿಸಿದ್ದಳು.

ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದರು. ಬೆಳಿಗ್ಗೆ ಮಹಾಗಣಪತಿಯ ಪಾಠ. ಸುಜನ್ ಕಲಿತ. ಮಧ್ಯಾಹ್ನ ಸುಜನನ ಸರದಿ ಬಂದಾಗ ಹಿಂದಿನ ಬೆಂಚು ಖಾಲಿಯಾಗಿತ್ತು. ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ಕೊನೆಗೆ ಮಹಾಗಣಪತಿ ಎದ್ದ.

“ನಾನು ಕೂರ್ತೇನೆ. ನಿನಗೋಸ್ಕರ ಮಾರಾಯ.”

ಸುಜನ್ ಹುಣಸೆ ಬೀಜ ತಂದಿದ್ದ. ಬೀಜ ಜೋಡಿಸಿ ‘ಪ’ ಅಕ್ಷರ ಮಾಡಿ, ಅದರ ಮೇಲೆ ಬೆರಳು ಓಡಿಸಿ ಓದುವುದು. ಮಕ್ಕಳೆಲ್ಲ ಓದಿದರು. ಮಹಾಗಣಪತಿ ಬೆರಳು ಓಡಿಸಿ “ವ” ಎಂದ. ಪರೀಕ್ಷಕಿ ನಕ್ಕರು.

ಆ ನಗು ಕೇಳಿದ್ದೇ ಮಹಾಗಣಪತಿಗೆ ತನ್ನೊಳಗೊಬ್ಬ ಕಲಾವಿದ ಇದ್ದಾನೆಂದು ತಿಳಿದುಹೋಯಿತು. ಮತ್ತೆ “ವ” ಎಂದ. ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡ. “ಟೀಚರ್, ಒಂದಕ್ಕೆ” ಎಂದು ಕಿರುಬೆರಳು ಎತ್ತಿದ. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಮಯ ಮುಗಿಯುತ್ತಾ ಬಂತು. ಸುಜನ್ ಬಗ್ಗಿ ಅವನ ಕೈ ಹಿಡಿದು, ಬೀಜದ ಮೇಲೆ ಓಡಿಸುತ್ತಾ, ಕಿವಿಯಲ್ಲಿ ಹೇಳಿದ: “ಸಾಕು ಮಾರಾಯ, ಕಲಿ.”

“ಟೀಚರ್ ಹೆದರಿಸ್ತಾರೆ!” ಎಂದು ಮಹಾಗಣಪತಿ ಕಿರುಚಿ ಅಳತೊಡಗಿದ. ಗಂಟೆ ಹೊಡೆಯಿತು.

ತಪ್ಪು ಹೇಳಲು ಮೊದಲು ಎದ್ದವನೂ ಅವನೇ. “ಮಗುವಿನ ಮನಸ್ಸು ತಿಳಿಯುವ ತಾಳ್ಮೆ ಅಧ್ಯಾಪಕರಲ್ಲಿ ಕಾಣಲಿಲ್ಲ.”

“ಧನ್ಯವಾದ” ಎಂದ ಸುಜನ್.

ಮುಂದಿನ ಪಾಠ ಅಫೀಫಾಳದು. ತಪ್ಪು ಹೇಳಲು ಎದ್ದ ಅವಳು ಸುಜನನ ಮುಖ ನೋಡಿದಳು, ಪರೀಕ್ಷಕಿಯ ಮುಖ ನೋಡಿದಳು. “ಧ್ವನಿ ಸ್ವಲ್ಪ ದೊಡ್ಡದಿರಬಹುದಿತ್ತು” ಎಂದು ಕೂತಳು. ಅದಕ್ಕೂ ಧನ್ಯವಾದ ಸಂದಿತು. ಪರೀಕ್ಷಕಿ, ಹಿಂದೆ ಕೂತ ಮಗು ಬಹಳ ಸಹಜವಾಗಿತ್ತು ಎಂದು ಹೊಗಳಿ ಏನನ್ನೋ ಬರೆದುಕೊಂಡರು. ಆಮೇಲೆ ಅಫೀಫಾ ಗೊಂಬೆ ಹಿಡಿದು ನಿಂತಳು. ಸುಜನ್ ಹಿಂದಿನ ಬೆಂಚಿಗೆ ಹೋಗಿ ಕಲಿತ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಹಾಗಣಪತಿಯನ್ನು ಕೇಳಿದ: “ಎಂತ ಮಾಡಿದ್ದು ನೀನು?”

“ನಿಜ ಜೀವನ ತೋರಿಸಿದ್ದು. ಅರ್ಧ ಗಂಟೆಯಲ್ಲಿ ಯಾವ ಮಗು ಕಲೀತದೆ ಹೇಳು?”

“ಬೆಳಿಗ್ಗೆ ನಿನ್ನ ಪಾಠಕ್ಕೆ ನಾನು ಕಲಿತೆನಲ್ಲ?”

“ಅದು ನನ್ನ ಪಾಠ ಹಾಗಿತ್ತು ಮಾರಾಯ.” ಅದನ್ನು ಹೇಳುವಾಗ ಮಹಾಗಣಪತಿಯ ಮುಖದಲ್ಲಿ ಕಪಟವಿರಲಿಲ್ಲ. ಅವನು ಮನಸಾರೆ ನಂಬಿದ್ದ.

ಸುಜನ್ ಒಬ್ಬನೇ ಫೇಲಾದ. ಜೂನಿನಲ್ಲಿ ಪುತ್ತಿಗೆಯ ಶಾಲೆಗೆ ಸರ್ಟಿಫಿಕೇಟು ಹಿಡಿದು ಹೋದವನು ಮಹಾಗಣಪತಿ. ಶಾಲೆಯ ದಾರಿಯಲ್ಲೇ ಸುಜನನ ಮನೆ. “ಹೊಸ ಮಾಸ್ಟ್ರ ಬೈಕು ಹೋಯ್ತು” ಎಂದು ಅಮ್ಮಣಿಗೆ ನೆರೆಯವರು ದಿನಾ ನೆನಪಿಸುತ್ತಾರೆ. ಸುಜನ್ ಉಪ್ಪಳದ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಜುಲೈಯಲ್ಲಿ ಮಹಾಗಣಪತಿಯ ಫೋನು ಬಂತು.

“ಕ್ಲಾಸಲ್ಲಿ ಒಬ್ಬ ಇದ್ದಾನೆ ಮಾರಾಯ, ಎಂತ ಮಾಡಿದರೂ ಒಂದಕ್ಷರ ಬರುವುದಿಲ್ಲ. ಅವನದ್ದು ಆ್ಯಕ್ಟಿಂಗು ಅಂತ ಹೆಡ್‌ಮಾಸ್ಟ್ರಿಗೆ ಹೇಳಿ ಹೊರಗೆ ನಿಲ್ಲಿಸಿದ್ದೇನೆ. ಆದರೂ ಕೇಳ್ತೇನೆ, ನೀನು ಆಗ ಹೇಗೆ ಕಲಿಯುತ್ತಿದ್ದದ್ದು?”

“ನನಗೆ ಮೊದಲೇ ಬರ್ತಿತ್ತಲ್ಲ.”

“ಅಂದರೆ ನಮಗೆಲ್ಲ ಮೋಸ ಮಾಡಿದ್ದು ನೀನು!”

ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸುತ್ತಾ ಸುಜನ್ ಹೇಳಿದ: “ಅಕ್ಟೋಬರಿಗೆ ನನ್ನ ಮರುಪರೀಕ್ಷೆ ಉಂಟು. ಮಕ್ಕಳಾಗಿ ಕೂರ್ಲಿಕ್ಕೆ ಜನ ನಾನೇ ತರಬೇಕಂತೆ. ಅಫೀಫಾ ಆಗುವುದಿಲ್ಲ ಅಂದಳು. ನೀನಾದರೂ ಬರ್ತೀಯಾ?”

“ನಾನಾ? ಈಗ ನಾನು ಮಾಸ್ಟ್ರಲ್ವಾ. ಪೆದ್ದರ ಬೆಂಚಲ್ಲಿ ಕೂತರೆ ಊರವರು ಎಂತ ಹೇಳಿಯಾರು?”