ಗೆರೆಯಕ್ಕನ ಹನ್ನೊಂದು ಮೀಟರ್

ಬೆಳಗಿನ ಐದೂವರೆಗೆ ಮೈದಾನಕ್ಕೆ ಇನ್ನೂ ಬಣ್ಣ ಬಂದಿಲ್ಲ. ಹುಲ್ಲು ಕಪ್ಪು, ಸಾಲು ಕುರ್ಚಿಗಳು ಕಪ್ಪು, ಗೋಲಿನ ಬಲೆಯೂ ಕಪ್ಪು. ಹಿಂಬಾಗಿಲಿನಿಂದ ಒಳಬಂದ ಹೆಂಗಸೊಬ್ಬರು ಚಪ್ಪಲಿ ಕಳಚಿಡುತ್ತಾರೆ, ಪ್ಯಾಂಟಿನ ಕಾಲು ಮಡಚುತ್ತಾರೆ, ಮೂರು ಗಾಲಿಯ ಗಾಡಿಯ ಡಬ್ಬಿಗೆ ಬಿಳಿ ಬಣ್ಣ ಸುರಿದು ಕೋಲಿನಿಂದ ಕಲಕುತ್ತಾರೆ. ಬೆರಳು ಅದ್ದಿ ಎತ್ತಿ ನೋಡುತ್ತಾರೆ. ಹಾಲಿಗಿಂತ ತುಸು ಗಟ್ಟಿ. ಸರಿಯಾಗಿದೆ. ಮೂಲೆಯ ಬಾವುಟದಿಂದ ಗಾಡಿ ಹೊರಡುತ್ತದೆ, ಅದರ ಹಿಂದೆ ಒಂದು ಬಿಳಿ ಗೆರೆ ಹುಟ್ಟುತ್ತಾ ಹೋಗುತ್ತದೆ.

"ಇವತ್ತು ಸ್ವಲ್ಪ ನೆಟ್ಟಗೆ ಎಳಿಯಮ್ಮಾ, ಟಿವಿಯೋರು ಬಂದಿದ್ದಾರೆ" ಎಂದು ಹುಲ್ಲಿಗೆ ನೀರು ಬಿಡುವ ಅಜ್ಜ ದೂರದಿಂದಲೇ ಕೆಣಕುತ್ತಾರೆ.

"ನನ್ನ ಗೆರೆ ನೆಟ್ಟಗೇ ಇದೆ ಅಜ್ಜಾ. ನಿಮ್ಮ ಹುಲ್ಲಿಗೆ ಒಂದು ಸಲ ಬಾಚಣಿಗೆ ಹಾಕಿ!"

ಇಲ್ಲಿ ಎಲ್ಲರೂ ಇವರನ್ನು ಗೆರೆಯಕ್ಕ ಎಂದೇ ಕರೆಯುತ್ತಾರೆ. ಹದಿನೇಳು ವರ್ಷದೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ಈ ಮೈದಾನದಲ್ಲಿ ನಡೆಯುತ್ತಿದೆ. ಹದಿನಾರು ದೇಶಗಳ ಹುಡುಗಿಯರು ಬಂದಿದ್ದಾರೆ. ಅವರ ಹೆಸರು, ಎತ್ತರ, ಇಷ್ಟದ ಹಾಡು ಎಲ್ಲವೂ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಅವರು ಓಡುವ ಗೆರೆ ಎಳೆದವರು ಯಾರು ಎಂದು ಈವರೆಗೆ ಯಾರೂ ಕೇಳಿಲ್ಲ. "ಕೇಳೋದೇನಿದೆ? ಗೆರೆ ಸರಿಯಾಗಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಬಿತ್ತು ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ" ಎನ್ನುತ್ತಾರೆ ಗೆರೆಯಕ್ಕ, ತಲೆ ಎತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ಇವರು ಬಂದದ್ದು ಗ್ಯಾಲರಿ ಗುಡಿಸಲು. ಆಗ ಗೆರೆ ಎಳೆಯುತ್ತಿದ್ದ ಮುದುಕರ ಸೊಂಟ ಹಿಡಿದುಕೊಂಡ ದಿನ ಬೇರೆ ಯಾರೂ ಸಿಗದೆ ಇವರ ಕೈಗೆ ಡಬ್ಬಿ ಬಂತು. ಗಂಡಾಳುಗಳು ಕಟ್ಟೆಯ ಮೇಲೆ ಕೂತು ನಕ್ಕರು. ಆಗಿನ ಕಾಲಕ್ಕೆ ಸುಣ್ಣದ ಪುಡಿ. ಒಂದು ಮಳೆಗಾಲದಲ್ಲಿ ಒದ್ದೆ ಕಾಲಿಗೆ ಸುಣ್ಣ ಅಂಟಿ ಚರ್ಮ ಸುಟ್ಟುಹೋಯಿತು. ಎಡ ಪಾದದ ಮೇಲೆ ಇಂದಿಗೂ ಎಲೆಯಾಕಾರದ ಕಲೆಯಿದೆ. ಹದಿನೈದು ದಿನ ಕುಂಟುತ್ತಲೇ ಗೆರೆ ಎಳೆದರು. ಒಂದು ದಿನ ರಜೆ ಹಾಕಿದರೂ ಡಬ್ಬಿ ಬೇರೆಯವರ ಪಾಲಾಗುತ್ತದೆ ಎಂಬ ಭಯ ಅವರಿಗೆ.

ಒಂದು ಮೈದಾನಕ್ಕೆ ಸುಮಾರು ಏಳುನೂರು ಮೀಟರ್ ಗೆರೆ. ಅಗಲ ಹನ್ನೆರಡು ಸೆಂಟಿಮೀಟರ್. ಪಂದ್ಯದ ದಿನ ಎರಡೂವರೆ ಗಂಟೆಯ ಕೆಲಸ. ಗಾಡಿ ತಳ್ಳುವಾಗ ಉಸಿರನ್ನೂ ಅಳೆದು ಬಿಡುತ್ತಾರೇನೋ ಅನ್ನಿಸುತ್ತದೆ. ಮನೆಯಲ್ಲಿ ಮಾತ್ರ ಈ ನಾಜೂಕಿಗೆ ಮರ್ಯಾದೆಯಿಲ್ಲ. "ನಮ್ಮತ್ತೆ ದಿನಾ ಒಂದೇ ಮಾತು. ಊರಿನ ಹುಲ್ಲಿಗೆಲ್ಲಾ ಬಣ್ಣ ಬಳೀತೀಯಾ, ಅಡುಗೆಮನೆ ಗೋಡೆ ಮಸಿ ಹಿಡಿದು ಕೂತಿದೆ, ಅದು ನಿನ್ನ ಕಣ್ಣಿಗೆ ಕಾಣಲ್ವೇನೇ ಅಂತಾರೆ. ನಾನು, ಗೋಡೆಯಲ್ಲಿ ಯಾರೂ ಗೋಲ್ ಹೊಡೆಯಲ್ಲ ಅತ್ತೆ, ಆಮೇಲೆ ನೋಡೋಣ ಅಂತೀನಿ."

ಇಂದು ಕ್ವಾರ್ಟರ್ ಫೈನಲ್. ಹತ್ತು ಗಂಟೆಗೆ ಕೆಂಪು ಅಂಗಿಯ ತಂಡಕ್ಕೂ ನೀಲಿ ಅಂಗಿಯ ತಂಡಕ್ಕೂ ಪಂದ್ಯ. ಗೆರೆಯಕ್ಕನ ತಲೆಯಲ್ಲಿ ಇರುವುದು ಮಾತ್ರ ಮುಂದಿನ ಭಾನುವಾರದ ಫೈನಲ್. ಮೈದಾನದ ಮೇಸ್ತ್ರಿ ಮೊದಲ ದಿನವೇ ಹೇಳಿಬಿಟ್ಟಿದ್ದಾರೆ: ಒಂದೇ ಒಂದು ತಪ್ಪು ಕಂಡರೂ ಫೈನಲ್‌ಗೆ ಹೊರಗಿನ ಕಂಪನಿಯವರು ಮೆಷಿನ್ ತಂದು ಗೆರೆ ಎಳೆಯುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಈ ಮೈದಾನಕ್ಕೆ ಬಂದ ಅತಿ ದೊಡ್ಡ ಪಂದ್ಯ ಅದು.

ಉಳಿದ ಗೆರೆಗಳು ಹಳೆಯ ಗುರುತಿನ ಮೇಲೆಯೇ ಎದ್ದವು. ಪೆನಾಲ್ಟಿ ಒದೆಯುವ ಎರಡು ಚುಕ್ಕೆಗಳದ್ದೇ ಬೇರೆ ಕಥೆ. ಹಿಂದಿನ ಪಂದ್ಯದಲ್ಲಿ ಅಲ್ಲಿಯ ಹುಲ್ಲು ಕಿತ್ತುಹೋಗಿ, ಅಜ್ಜ ಹೊಸ ಹುಲ್ಲಿನ ತುಂಡು ಕೂರಿಸಿದ್ದಾರೆ. ಚುಕ್ಕೆಯನ್ನು ಹೊಸದಾಗಿ ಅಳೆದು ಇಡಬೇಕು. ಗೋಲಿನ ಗೆರೆಯ ಹೊರ ಅಂಚಿನಿಂದ ಹನ್ನೊಂದು ಮೀಟರ್. ಉಕ್ಕಿನ ಟೇಪು ಮೇಸ್ತ್ರಿಯ ಕಪಾಟಿನಲ್ಲಿ ಬೀಗದೊಳಗಿರುತ್ತದೆ, ಮೇಸ್ತ್ರಿ ಬರುವುದು ಎಂಟಕ್ಕೆ. ಹಾಗಾಗಿ ಬೆಳಗ್ಗೆ ಅಳತೆಗೆ ಗಂಟು ಹಾಕಿದ ಹಗ್ಗವೇ ಗತಿ. ಚಾಂಪಿಯನ್‌ಷಿಪ್‌ಗೆಂದು ಆಫೀಸಿನವರು ಹಳದಿ ನೈಲಾನ್ ಹಗ್ಗ ಹೊಸದಾಗಿ ಕೊಟ್ಟಿದ್ದಾರೆ. ನಿನ್ನೆ ಸಂಜೆ ಗೆರೆಯಕ್ಕ ಅದನ್ನು ಉಗ್ರಾಣದ ನೆಲದ ಮೇಲೆ ಟೇಪಿನ ಪಕ್ಕ ಮಲಗಿಸಿ ಗಂಟು ಹಾಕಿದ್ದರು.

ಎಂಟಕ್ಕೆ ಪಂದ್ಯದ ಅಧಿಕಾರಿಣಿ ಮೇಸ್ತ್ರಿಯೊಂದಿಗೆ ಮೈದಾನ ಸುತ್ತಿದರು. ಎತ್ತರದ, ಮಿತ ಮಾತಿನ ಪರದೇಶದ ಹೆಂಗಸು. ಗೆರೆಗಳನ್ನು ಕಣ್ಣಳತೆಯಲ್ಲೇ ನೋಡಿದರು, ತಲೆಯಾಡಿಸಿದರು, ಕಾಗದಕ್ಕೆ ಸಹಿ ಹಾಕಿ ಹೋದರು. ಅಲ್ಲಿಗೆ ಕೆಲಸ ಮುಗಿಯಿತು.

ಗೆರೆಯಕ್ಕನಿಗೆ ಮುಗಿಯಲಿಲ್ಲ. ಬಣ್ಣ ಒಣಗಿದ ಮೇಲೆ ಅವರು ಮಾಡುವ ಕೆಲಸ ಇನ್ನೊಂದಿದೆ. ಗೋಲಿನ ಗೆರೆಗೆ ಹಿಮ್ಮಡಿ ತಾಗಿಸಿ, ಹೆಬ್ಬೆರಳಿಗೆ ಹಿಮ್ಮಡಿ ಕೂಡಿಸುತ್ತಾ ಬರಿಗಾಲಲ್ಲಿ ಚುಕ್ಕೆಯವರೆಗೆ ನಡೆಯುತ್ತಾರೆ. ಅವರ ಲೆಕ್ಕಕ್ಕೆ ನಲವತ್ತಾರು ಪಾದ. ನಲವತ್ತಾರನೆಯ ಹೆಬ್ಬೆರಳು ಚುಕ್ಕೆಯ ನಡುಮಧ್ಯಕ್ಕೆ ಬೀಳಬೇಕು. ಇಂದು ಅಂಚಿನಲ್ಲೇ ನಿಂತಿತು. ನಡುವಿಗೆ ಇನ್ನೂ ನಾಲ್ಕು ಬೆರಳು ಬಾಕಿ. ಇನ್ನೊಂದು ಗೋಲಿನತ್ತ ಬಿರಬಿರನೆ ಹೋಗಿ ಅಲ್ಲಿಯೂ ನಡೆದರು. ಅಲ್ಲಿಯೂ ನಾಲ್ಕು ಬೆರಳು.

ತಪ್ಪು ಎಲ್ಲಿ ಎಂದು ಅವರಿಗೆ ನಿಂತಲ್ಲೇ ಹೊಳೆಯಿತು. "ಹತ್ತಿ ಹಗ್ಗ ಆಗಿದ್ರೆ ಎಷ್ಟು ಎಳೆದ್ರೂ ಅಷ್ಟೇ ಇರ್ತಿತ್ತು. ನೈಲಾನ್ ಹಿಗ್ಗುತ್ತೆ. ನಾನು ಸಡಿಲ ಬಿಟ್ಟು ಗಂಟು ಹಾಕಿದೆ, ಇಲ್ಲಿ ಬಂದು ಬಿಗಿಯಾಗಿ ಎಳೆದೆ. ಹಗ್ಗದ್ದೇನೂ ತಪ್ಪಿಲ್ಲ. ನಂದೇ."

ಸಹಿ ಬಿದ್ದಾಗಿದೆ. ಯಾರಿಗೂ ಗೊತ್ತಿಲ್ಲ. ಗೆರೆಯಕ್ಕ ಒಂದು ನಿಮಿಷ ಗೋಲಿನ ಕಂಬ ಹಿಡಿದು ನಿಂತರು. ಆಮೇಲೆ ಮೇಸ್ತ್ರಿಯ ಕೋಣೆಗೆ ನಡೆದರು.

"ಸಾರ್, ಟೇಪು ಕೊಡಿ. ಚುಕ್ಕೆ ಎರಡೂ ದೂರ ಬಿದ್ದಿದೆ."

ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದರು. "ಎಷ್ಟು?"

"ನಾಲ್ಕು ಬೆರಳು."

"ನಾಲ್ಕು ಬೆರಳು! ಅದನ್ನ ಯಾರು ನೋಡ್ತಾರೆ ತಾಯಿ? ಆಯಮ್ಮ ಸಹಿ ಹಾಕಿ ಹೋಗಿದ್ದಾರೆ. ಈಗ ಹೋಗಿ ಮತ್ತೆ ಬನ್ನಿ ಅಂತ ಕರೀಲಾ? ನನ್ನ ಮರ್ಯಾದೆ ಏನಾಗ್ಬೇಕು?"

"ಒದೆಯೋ ಹುಡುಗಿಗೆ ಮೋಸ ಆಗುತ್ತೆ ಸಾರ್."

"ಪೆನಾಲ್ಟಿ ಬರುತ್ತೆ ಅಂತ ನಿಂಗೇನು ಕನಸು ಬಿದ್ದಿದೆಯಾ? ನೋಡು, ಇದು ತಪ್ಪು ಅಂತ ಕಾಗದದಲ್ಲಿ ಬಿತ್ತೋ, ಫೈನಲ್ ಕಂಪನಿಯೋರಿಗೆ. ಆಮೇಲೆ ನನ್ನ ಹತ್ರ ಅಳಬೇಡ."

"ಅಳಲ್ಲ. ಟೇಪು ಕೊಡಿ."

ಮೇಸ್ತ್ರಿ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರು. ಎಸೆದವರೇ ಎದ್ದು ಅಧಿಕಾರಿಣಿಯನ್ನು ಕರೆಯಲು ಹೋದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಜ್ಜ ಬಕೆಟ್ಟಿನಲ್ಲಿ ನೀರು ತಂದರು. ಗೆರೆಯಕ್ಕ ಮಂಡಿಯೂರಿ ಬ್ರಷ್ಷಿನಿಂದ ಹಳೆಯ ಚುಕ್ಕೆ ಉಜ್ಜಿದರು, ಹೋಗದೆ ಉಳಿದ ಬಿಳಿ ಹುಲ್ಲಿನ ತುದಿಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದರು. ಟೇಪು ಎಳೆದು ಹೊಸ ಚುಕ್ಕೆ ಇಟ್ಟರು. ಅಧಿಕಾರಿಣಿ ಬಗ್ಗಿ ನೋಡಿ, ಹಳೆಯ ಸಹಿಯ ಕೆಳಗೆ ಎರಡು ಸಾಲು ಬರೆದು ಮತ್ತೆ ಸಹಿ ಹಾಕಿದರು. ಗಂಟೆ ಒಂಬತ್ತು ಇಪ್ಪತ್ತು. ಗೆರೆಯಕ್ಕ ಕೈ ತೊಳೆದರು.

ಪಂದ್ಯ ಮುಗಿಯಲು ಎಂಟು ನಿಮಿಷ ಇರುವಾಗ ನೀಲಿ ತಂಡ ಒಂದು ಗೋಲಿನಿಂದ ಮುಂದಿದೆ. ಅಷ್ಟರಲ್ಲಿ ಕೆಂಪು ತಂಡಕ್ಕೆ ಪೆನಾಲ್ಟಿ ಸಿಗುತ್ತದೆ. ಉಗ್ರಾಣದ ಬಾಗಿಲಲ್ಲಿ ನಿಂತ ಅಜ್ಜ "ಬಂತಲ್ಲಮ್ಮಾ ನಿನ್ನ ಕನಸು!" ಎಂದು ಕೂಗುತ್ತಾರೆ. ಕೆಂಪು ಅಂಗಿಯ ಹುಡುಗಿ ಚೆಂಡನ್ನು ಚುಕ್ಕೆಯ ಮೇಲಿಟ್ಟು ಹಿಂದೆ ಸರಿದು ಓಡಿಬಂದು ಒದೆಯುತ್ತಾಳೆ. ನೀಲಿ ತಂಡದ ಗೋಲಿ, ಅಂದರೆ ಗೋಲು ಕಾಯುವ ಹುಡುಗಿ, ಎಡಕ್ಕೆ ಹಾರುತ್ತಾಳೆ. ಅವಳ ಬೆರಳ ತುದಿಗೆ ತಾಗಿದ ಚೆಂಡು ಕಂಬದ ಹೊರಗೆ ಹೋಗುತ್ತದೆ. ಇಡೀ ಗ್ಯಾಲರಿ ಎದ್ದು ನಿಲ್ಲುತ್ತದೆ.

ಪಂದ್ಯ ಮುಗಿದದ್ದೇ ತಡ, ಸೋತ ಕೆಂಪು ತಂಡದ ತರಬೇತುದಾರ ನೆಟ್ಟಗೆ ಅಧಿಕಾರಿಣಿಯ ಬಳಿ ಬರುತ್ತಾನೆ. ಬೆಳಗ್ಗೆ ಚುಕ್ಕೆ ಉಜ್ಜಿದ್ದನ್ನು ಅವನ ತಂಡದವರು ಬಸ್ಸಿನಿಂದ ಇಳಿಯುವಾಗ ಕಂಡಿದ್ದಾರೆ. ಚುಕ್ಕೆ ದೂರ ಇದೆ, ಅಳೆಯಲೇಬೇಕು ಎಂಬುದು ಅವನ ಪಟ್ಟು. ಇಡೀ ಗ್ಯಾಲರಿಯ ಎದುರು ಉಕ್ಕಿನ ಟೇಪು ಬರುತ್ತದೆ. ನೀಲಿ ಗೋಲಿ ಕೈಗವಸು ಕಳಚದೆ ನಿಂತಿದ್ದಾಳೆ. ಅಧಿಕಾರಿಣಿ ತಾನೇ ಮಂಡಿಯೂರುತ್ತಾರೆ. ತರಬೇತುದಾರನೂ ಬಗ್ಗುತ್ತಾನೆ.

ಹನ್ನೊಂದು ಮೀಟರ್. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ತರಬೇತುದಾರ ಎದ್ದು, ಟೇಪಿನತ್ತ ಇನ್ನೊಮ್ಮೆ ನೋಡಿ, ಗೋಲಿ ಹುಡುಗಿಯ ಕೈ ಕುಲುಕುತ್ತಾನೆ. ಅವಳು ಆಗಷ್ಟೇ ಅಳಲು ಶುರುಮಾಡುತ್ತಾಳೆ.

ಮೇಸ್ತ್ರಿ ಟೇಪು ಸುತ್ತುತ್ತಾ ಉಗ್ರಾಣದ ಕಡೆ ಬರುತ್ತಾರೆ. ಗೆರೆಯಕ್ಕನ ಮುಖ ನೋಡದೆ, ಗಾಡಿಯ ಗಾಲಿ ನೋಡುತ್ತಾ ಕೇಳುತ್ತಾರೆ: "ಭಾನುವಾರ ಎಷ್ಟೊತ್ತಿಗೆ ಬರ್ತೀಯಾ?"

"ಕಂಪನಿಯೋರು?"

"ಅವರಿಗೆ ಬೇರೆ ಕೆಲಸ ಇರುತ್ತೆ ಬಿಡು."

"ಹಾಗಾದ್ರೆ ಐದಕ್ಕೆ ಬಾಗಿಲು ತೆಗೆಸಿ ಸಾರ್. ಆಮೇಲೆ, ಟೇಪು ಹಿಂದಿನ ದಿನವೇ ನನ್ನ ಕೈಲಿರಬೇಕು."

ಮೇಸ್ತ್ರಿ ಟೇಪನ್ನು ಅಲ್ಲೇ ಗಾಡಿಯ ಮೇಲಿಟ್ಟು ಹೋಗುತ್ತಾರೆ.

ಹೊರಗೆ ನೀಲಿ ತಂಡದ ಹುಡುಗಿಯರು ಗೋಲಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾರೆ. ಅವಳು ಗೆದ್ದದ್ದರಲ್ಲಿ ನಿಮ್ಮ ಪಾಲೂ ಇದೆ ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಗೆರೆಯಕ್ಕ ಜೋರಾಗಿ ತಲೆಯಾಡಿಸುತ್ತಾರೆ.

"ಇಲ್ಲಪ್ಪಾ. ಆ ಮಗು ತಡೆದದ್ದು ಪೂರ್ತಿ ಅವಳದೇ. ಬೆಳಗ್ಗೆ ಸುಮ್ಮನಿದ್ದಿದ್ರೆ ಅದರಲ್ಲಿ ನನ್ನ ನಾಲ್ಕು ಬೆರಳೂ ಸೇರಿಬಿಡ್ತಿತ್ತು. ಈಗ ಅದರಲ್ಲಿ ನಾನು ಇಲ್ಲವೇ ಇಲ್ಲ. ನೋಡಿ, ಅದೇ ನನ್ನ ಕೆಲಸ."