ದಂಡೆಯ ಮೇಲಿನ ತಾಟು

ಶಹಾಪುರದಲ್ಲಿ ನಮ್ಮ ನೆರೆಮನೆಯ ಪಿ.ಟಿ. ಮಾಸ್ತರರು ಈಜು, ಸೈಕಲ್, ಓಟ ಮೂರೂ ಇರುವ ಟ್ರಯಾಥ್ಲಾನ್‌ಗೆಂದು ಕೆರೆಯಲ್ಲಿ ಈಜುವಾಗ ಅವರ ತಾಯಿ ದಂಡೆಯಲ್ಲಿ ಕುಳಿತು ಹಿತ್ತಾಳೆ ತಾಟು ಬಾರಿಸುತ್ತಿದ್ದರು. ಕನ್ನಡಕ ತೆಗೆದರೆ ದಂಡೆ ಕಾಣದ ಮಾಸ್ತರರಿಗೆ ಆ ಸದ್ದೇ ದಿಕ್ಕು.

"ನಿಲ್ಲಿಸಬ್ಯಾಡವ್ವ," ಎಂದು ದಿನಾ ಹೇಳಿಯೇ ನೀರಿಗಿಳಿಯುತ್ತಿದ್ದರು. ತಾಯಿ ತೀರಿಕೊಂಡಾಗ ತಾಟನ್ನೂ ಜೊತೆಗೇ ಮಣ್ಣು ಮಾಡಿದರು.

ಸ್ಪರ್ಧೆಯ ದಿನ ಕೆರೆ ತುಂಬ ಮಂಜು. ಮಾಸ್ತರರು ಮಾತ್ರ ನೆಟ್ಟಗೆ ದಂಡೆಗೆ ಬಂದರು.

"ಛಲೋ ಬಾರ್ಸಿದಿ," ಎಂದು ಹೆಂಡತಿಗೆ ಹೇಳಿ ಸೈಕಲ್ ಹತ್ತಿದರು.

ಆಕೆ ನನ್ನತ್ತ ತಿರುಗಿದರು. "ನನ್ನ ಕೈಯಾಗ ಟವೆಲ್ ಅಷ್ಟ ಐತ್ರಿ."

ಕೊನೆಯ ಓಟದಲ್ಲಿ ಅವರ ಮಗಳು ನೀರು ಹಿಡಿದು ಜೊತೆಗೆ ಓಡಿದಳು. ಮಾಸ್ತರರು ಗುರಿ ಮುಟ್ಟಿದರು. ಹೆಂಡತಿ ಅದೇ ಟವೆಲ್ ಹೊದಿಸಿದರು.

ಆಮೇಲೂ ಅವರು ಈಜಲು ಇಳಿದಾಗಲೆಲ್ಲ ನಾವು ದಂಡೆಯಲ್ಲಿ ಜೋರಾಗಿ ಮಾತಾಡುತ್ತಿದ್ದೆವು, ಆ ಸದ್ದು ನಮಗೂ ಕೇಳಿಸದಿರಲಿ ಎಂದು.