ಉಕ್ಕುವ ಹಾಲಿಗೆ ಕಾವಲು

ಬನಶಂಕರಿ ಎರಡನೇ ಹಂತ. ಬೆಳಕು ಹರಿಯುವ ಹೊತ್ತು. ಹಿತ್ತಿಲ ಕೋಣೆಯಲ್ಲಿ ರುದ್ರಮ್ಮ ದೇವರ ಮುಂದೆ ಕಣ್ಣುಮುಚ್ಚಿ ಕೂತಿದ್ದಾರೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗಿದೆ. ಚುರ್ರೆಂಬ ಸದ್ದಿಗೆ ಎದ್ದು ಬಂದರೆ ಹಾಲು ಉಕ್ಕಿ ಹರಿದು ಉರಿ ಆರಿದೆ, ಗ್ಯಾಸಿನ ವಾಸನೆ ಮೂಗಿಗೆ ಬಡಿಯುತ್ತಿದೆ. ಒಲೆ ಬಂದ್ ಮಾಡಿ ಕಿಟಕಿ ತೆರೆದವರೇ ಬೀದಿಗೆ ಓಡುತ್ತಾರೆ. ಗಾಬರಿ ಈ ಒಲೆಯದಲ್ಲ. ಕುಮಟಾದ ಆಚೆ, ಕಡಲಂಚಿನಲ್ಲಿರುವ ಇನ್ನೊಂದು ಒಲೆಯದು.

ಆ ಮೀನುಗಾರರ ಊರಿನಲ್ಲಿ ಈ ಹಿತ್ತಿಲ ಕೋಣೆಯ ಒಡತಿ ಇಂದ್ರಾಣಿಯವರದೊಂದು ಹೆಂಚಿನ ಮನೆಯಿದೆ. ರಜೆಗೆ ಹೋಗುವವರಿಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಅಡುಗೆಯವರಿಲ್ಲ, ಹೋದವರು ತಾವೇ ಬೇಯಿಸಿಕೊಳ್ಳಬೇಕು. ಅಕ್ಕಿ, ಬೇಳೆ, ಸಾರಿನ ಪುಡಿ, ದೀಪದ ಎಣ್ಣೆ, ಬೆಂಕಿಪೊಟ್ಟಣಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿ, ಬೀಗದ ಕೈಯೊಡನೆ ಬಸ್ಸಿಗೆ ಹೊರಟವರಿಗೆ ಒಪ್ಪಿಸುವುದು ರುದ್ರಮ್ಮನ ಕೆಲಸ. ಬೇಸಿಗೆ ರಜೆಯಲ್ಲಿ ವಾರಕ್ಕೆರಡು ಪೆಟ್ಟಿಗೆ. ಮೊದಲು ಇದನ್ನು ಅವರ ಗಂಡ ದಾಸಪ್ಪ ಮಾಡುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. "ಅಳ್ತಾ ಕೂತ್ರೆ ಅವ್ರೇನು ವಾಪಸ್ ಬರ್ತಾರಾ? ಅವ್ರ ಕೆಲ್ಸ ನನ್ ಕೈಗೆ ಬಂತು, ಅಷ್ಟೇ," ಎನ್ನುತ್ತಾರೆ ರುದ್ರಮ್ಮ.

ಎರಡು ದಿನದ ಮನೆಯಾದರೂ ಹಾಲುಕ್ಕಿಸದೆ ಅಡುಗೆ ಶುರುಮಾಡಬಾರದೆಂಬುದು ದಾಸಪ್ಪ ಹಾಕಿಕೊಟ್ಟ ಪದ್ಧತಿ. ಹಾಲಿಟ್ಟು, ಎಲ್ಲರೂ ಹೊರಗೆ ಹೋಗಿ ಕಡಲಿಗೆ ಕೈಮುಗಿಯಬೇಕು. ಬಂದು, ಉಕ್ಕಿದ ಹಾಲು ನೋಡಿ, ಅಡುಗೆಮನೆಯ ಗೂಡಿನಲ್ಲಿ ದೀಪ ಹಚ್ಚಬೇಕು. ಸೀಮೆಎಣ್ಣೆ ಒಲೆಯಿದ್ದಷ್ಟು ದಿನ ಚೆಲ್ಲಿದ್ದನ್ನು ಒರೆಸಿದರೆ ಮುಗಿಯುತ್ತಿತ್ತು. ಮೊನ್ನೆಯಷ್ಟೇ ಅಲ್ಲಿಗೆ ಗ್ಯಾಸ್ ಒಲೆ ಬಂದಿದೆ. ಆದರೆ ನಿನ್ನೆ ಸಂಜೆ ಬಿಟಿಎಂ ಲೇಔಟಿನ ಚನ್ನವೀರ, ಅವರ ಹೆಂಡತಿ ರಾಜಶ್ರೀ ಕೈಗೂಸಿನೊಡನೆ ಬಂದು ಪೆಟ್ಟಿಗೆ ಒಯ್ದಾಗ ರುದ್ರಮ್ಮ ಹೇಳಿ ಕಳಿಸಿದ್ದು ಅದೇ ಹಳೆಯ ಮಾತನ್ನು. ಉರಿ ಆರಿ ಗ್ಯಾಸ್ ತುಂಬಿದ ಕೋಣೆಯಲ್ಲಿ ಅವರು ಕಡ್ಡಿ ಗೀರಿದರೆ? ಬಸ್ಸು ಅಲ್ಲಿ ಇಳಿಸುವ ಹೊತ್ತೂ ಇದೇ.

ಬೀದಿಯ ತುದಿಯ ಎಸ್‌ಟಿಡಿ ಬೂತಿನ ದೇವದಾಸ್ ಆಗಷ್ಟೇ ಷಟರ್ ಎತ್ತುತ್ತಿದ್ದಾರೆ.

"ಏನಕ್ಕ, ಚಪ್ಪಲಿನೂ ಇಲ್ದೆ ಓಡ್ಬಂದಿದೀರ?"

"ಐಸ್ ಫ್ಯಾಕ್ಟ್ರಿಗೆ ಫೋನ್ ಹಾಕಪ್ಪ. ಬೇಗ!"

ಆ ಹೆಂಚಿನ ಮನೆಗೆ ಹತ್ತಿರದ ಫೋನು, ಮೀನಿಗೆ ಮಂಜುಗಡ್ಡೆ ಮಾಡುವ ಕಾರ್ಖಾನೆಯದೊಂದೇ. ಎಂಗೇಜ್. ಮತ್ತೆ ಎಂಗೇಜ್. ರುದ್ರಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮನಸ್ಸಿನಲ್ಲೇ ಶಿವನಾಮ ಹೇಳುತ್ತಾರೆ. ಕೊನೆಗೊಮ್ಮೆ ಅತ್ತ ಗುಮಾಸ್ತ ಗೌರೀಶಂಕರರ ದನಿ ಕೇಳಿಸುತ್ತದೆ.

"ಸಾರ್, ಬೆಂಗಳೂರಿಂದ ರುದ್ರಮ್ಮ. ಹೆಂಚಿನ ಮನೆಗೆ ಓಡಿ ಸಾರ್! ಗ್ಯಾಸ್ ಲೀಕ್ ಆಗಿರುತ್ತೆ. ದೀಪ ಹಚ್ಬೇಡಿ ಅನ್ನಿ, ಹಚ್ಲೇಬೇಡಿ ಅನ್ನಿ!"

ದೀಪ ಹಚ್ಚಬೇಡಿ ಎಂಬ ಮಾತು ಅವರ ಬಾಯಿಂದ ಬಂದಿರುವುದು ಹುಟ್ಟಿದ ಮೇಲೆ ಇದೇ ಮೊದಲು. ಅತ್ತ ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು. ಆಮೇಲೆ ಮಂಜುಗಡ್ಡೆ ಒಡೆಯುವ ಯಂತ್ರದ ಗರಗರ ಮಾತ್ರ. ಫೋನ್ ಕಿವಿಗೊತ್ತಿಕೊಂಡೇ ರುದ್ರಮ್ಮ ಸ್ಟೂಲು ಎಳೆದುಕೊಂಡು ಕೂರುತ್ತಾರೆ.

"ಮೀಟರ್ ಓಡ್ಲಿ ಬಿಡಕ್ಕ, ಇಡ್ಬೇಡಿ," ಎನ್ನುತ್ತಾರೆ ದೇವದಾಸ್.

ಗರಗರ ನಿಲ್ಲುವುದಿಲ್ಲ. ಹಾಲಿನ ವ್ಯಾನು ಬಂದು ಕ್ರೇಟು ಇಳಿಸಿ ಹೋಗುತ್ತದೆ. ಆಗ, ಏದುಸಿರಿನ ಹೆಣ್ಣುದನಿ.

"ಅವ್ವಾರ, ನಾ ರಾಜಶ್ರೀರಿ. ಏನೂ ಆಗಿಲ್ಲ, ಕೂಸು ಆರಾಮ ಐತಿ. ನಮ್ಮನಿಯವರು ಕಡ್ಡಿಪೆಟ್ಟಿಗಿ ಕೈಯಾಗ ಹಿಡ್ಕೊಂಡು ಬಾಗಲಾ ತಗೀಲಿಕ್ಹತ್ತಿದ್ರು, ಈ ಅಣ್ಣಾರು ದೂರಿಂದನ ಒದರಿದ್ರು. ಒಲಿ ಬಂದ್ ಮಾಡಿ ಕಿಟಕಿ, ಬಾಗಲಾ ಎಲ್ಲಾ ತಗದೇವಿ."

ರುದ್ರಮ್ಮ ಫೋನು ಹಿಡಿದುಕೊಂಡೇ ಬಿಕ್ಕುತ್ತಾರೆ.

"ಅಳಬ್ಯಾಡ್ರಿ. ಅರ್ಧಾ ಹಾಲು ಉಳದೈತಿ, ಆಮ್ಯಾಲೆ ಚಾ ಮಾಡ್ತೀನಿ. ನೀವೂ ಬರ್ರಿ ಕುಡ್ಯಾಕ!"

ಅಂದು ಸಂಜೆ ಇಂದ್ರಾಣಿ, "ಈ ಹಾಲುಕ್ಕಿಸೋದೇ ಬೇಡ ರುದ್ರಮ್ಮ, ಬಿಟ್ಬಿಡಿ," ಎಂದರು. ರುದ್ರಮ್ಮ ಒಪ್ಪಲಿಲ್ಲ. "ಅವ್ರು ಇಟ್ಟ ಪದ್ಧತಿ ಮೇಡಂ. ಅದ್ನೂ ಕಳ್ಕೊಂಡ್ರೆ ನಂಗೆ ಇನ್ನೇನಿದೆ? ತಿದ್ಕೋತೀನಿ, ಬಿಡಲ್ಲ."

ಈ ಶುಕ್ರವಾರ ಅರೆಕೆರೆಯ ಸಂಸಾರವೊಂದು ಪೆಟ್ಟಿಗೆ ಒಯ್ಯಲು ಬಂದಿದೆ. ರುದ್ರಮ್ಮ ಬೀಗದ ಕೈಯನ್ನು ಕೂಡಲೇ ಕೊಡುವುದಿಲ್ಲ. ಮುಷ್ಟಿಯಲ್ಲಿ ಹಿಡಿದೇ ಹೇಳುತ್ತಾರೆ.

"ಮೊದ್ಲು ದೀಪ. ಆಮೇಲೆ ಹಾಲು. ಉಕ್ಕಿದ ತಕ್ಷಣ ಒಲೆ ಆಫ್ ಮಾಡಿ, ಅಲ್ಲೀವರ್ಗೂ ಒಬ್ರು ಅಲ್ಲೇ ನಿಂತಿರ್ಬೇಕು. ಕೈಮುಗಿಯೋದು ಅದಾದ್ಮೇಲೆ." ಕೈ ಬಿಚ್ಚಿ, ಬೆಚ್ಚಗಾದ ಬೀಗದ ಕೈಯನ್ನು ಅವರಿಗಿತ್ತು ಸೇರಿಸುತ್ತಾರೆ: "ಕಡಲು ಎಲ್ಲಿಗೂ ಹೋಗಲ್ಲ, ಕಾಯ್ತಿರುತ್ತೆ."